ಹದಿನೆಂಟು ಜನರ ಭಾನುವಾರ

ಎಂಜಿನ್ ಇಳಿದು ಮೇಜಿನ ಹಿಂದೆ ಕೂತ ಮೇಲೆ ನನಗೆ ಭಾನುವಾರ ಸಿಕ್ಕಿತು. ಅದಕ್ಕೆ ಮೊದಲು ಹನ್ನೆರಡು ವರ್ಷ ಸಹಾಯಕನಾಗಿ, ಆಮೇಲೆ ಡ್ರೈವರನಾಗಿ ರೈಲಿನಲ್ಲಿ ದುಡಿದಿದ್ದೆ. ಇಷ್ಟು ಗಂಟೆಗೆ ಹತ್ತಬೇಕು, ಇಷ್ಟು ಗಂಟೆಗೆ ಇಳಿಯಬೇಕು ಎಂಬುದು ಬಿಟ್ಟರೆ ಆ ದಿನದ ಹೆಸರು ಯಾವುದೆಂದು ಕೇಳಿದವನಲ್ಲ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಒಂದು ವೈದ್ಯಕೀಯ ತಪಾಸಣೆಯಲ್ಲಿ ನನ್ನ ಎಡಗಣ್ಣು ಸೋತಿತು. ಅಂಥವರನ್ನು ಕೆಲಸದಿಂದ ತೆಗೆಯುವುದಿಲ್ಲ, ಕುರ್ಚಿಗೆ ಹಾಕುತ್ತಾರೆ. ನನ್ನನ್ನು ಎರ್ಣಾಕುಳದ ಡ್ರೈವರುಗಳ ಹಾಜರಿ ಕಚೇರಿಯಲ್ಲಿ ಕೂರಿಸಿದರು. ಯಾರು ಯಾವ ದಿನ ಯಾವ ರೈಲು ಓಡಿಸಬೇಕು, ಯಾರಿಗೆ ಎಂದು ವಿಶ್ರಾಂತಿ ಎಂಬ ಪಟ್ಟಿ ಬರೆಯುವುದು ನನ್ನ ಕೆಲಸ. ಆ ಪಟ್ಟಿಗೆ ನಮ್ಮಲ್ಲಿ ಲಿಂಕ್ ಎನ್ನುತ್ತಿದ್ದರು.

ಮೊದಲ ಭಾನುವಾರ ತ್ರಿಪ್ಪುಣಿತ್ತುರದ ನಮ್ಮ ಬಾಡಿಗೆ ಮನೆಯಲ್ಲಿ ನಾನು ಕಾಲು ಚಾಚಿ ಪೇಪರ್ ಓದುತ್ತಿದ್ದಾಗ ಮಗಳು ಎದುರಿಗೆ ನಿಂತು, ‘ಅಪ್ಪಾ, ಇನ್ನ್ ಡ್ಯೂಟಿ ಇಲ್ಲೇ?’ ಎಂದಳು. ಇವತ್ತು ಡ್ಯೂಟಿ ಇಲ್ಲವೇ ಎಂದು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಮಲಯಾಳದಲ್ಲಿ ಉತ್ತರಿಸುವವಳು. ಇಲ್ಲ ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಸಂಜೆಯ ತನಕ ಮೂರು ಸಲ ಬಂದು ನೋಡಿ ಹೋದಳು.

ಆ ಪಟ್ಟಿಯ ಲೆಕ್ಕವನ್ನು ಒಮ್ಮೆ ಹೇಳಲೇಬೇಕು. ಯಾಕೆಂದರೆ ನನ್ನ ಸಿಟ್ಟೆಲ್ಲ ಇರುವುದು ಆ ಲೆಕ್ಕದ ಒಳಗೇ. ನಮ್ಮ ಪ್ಯಾಸೆಂಜರ್ ಲಿಂಕಿನಲ್ಲಿ ಇಪ್ಪತ್ತು ಸಾಲು, ಇಪ್ಪತ್ತು ಡ್ರೈವರು. ಒಂದು ಸಾಲೆಂದರೆ ಒಂದು ದಿನದ ಕೆಲಸ. ಇವತ್ತು ಮೊದಲ ಸಾಲಿನಲ್ಲಿದ್ದವನು ನಾಳೆ ಎರಡನೆಯದಕ್ಕೆ ಇಳಿಯುತ್ತಾನೆ. ಇಪ್ಪತ್ತು ಮುಗಿದರೆ ಮತ್ತೆ ಮೇಲಿಂದ. ಅದರಲ್ಲಿ ಮೂರು ಸಾಲು ವಿಶ್ರಾಂತಿಯವು. ಇಪ್ಪತ್ತು ಎಂಬುದು ಏಳರಿಂದ ಭಾಗವಾಗದ ಸಂಖ್ಯೆಯಾದ್ದರಿಂದ ಒಬ್ಬನ ವಿಶ್ರಾಂತಿ ವಾರದ ಒಂದೇ ದಿನಕ್ಕೆ ಅಂಟಿಕೊಳ್ಳುವುದಿಲ್ಲ. ಈ ಸುತ್ತಿನಲ್ಲಿ ಗುರುವಾರವಿದ್ದದ್ದು ಮುಂದಿನ ಸುತ್ತಿನಲ್ಲಿ ಬುಧವಾರಕ್ಕೆ ಸರಿಯುತ್ತದೆ. ಹೀಗೆ ಸರಿಯುತ್ತ ಸರಿಯುತ್ತ ಪ್ರತಿಯೊಬ್ಬನಿಗೂ ವರ್ಷದಲ್ಲಿ ಏಳೋ ಎಂಟೋ ಭಾನುವಾರ ಸಿಗುತ್ತಿತ್ತು. ಜಾಸ್ತಿ ಏನಲ್ಲ. ಆದರೆ ಸಿಗುತ್ತಿತ್ತು, ಎಲ್ಲರಿಗೂ ಸಿಗುತ್ತಿತ್ತು.

ಆ ಇಪ್ಪತ್ತು ಜನರಲ್ಲಿ ಒಬ್ಬರು ನನಗೆ ಕೆಲಸ ಕಲಿಸಿದವರು. ನಾನು ಹೊಸದಾಗಿ ಸೇರಿದಾಗ ಮೂರು ವರ್ಷ ಅವರ ಎಡಗಡೆಯ ಸೀಟಿನಲ್ಲಿ ಕೂತು ಸಹಾಯಕನಾಗಿದ್ದೆ. ಸಿಗ್ನಲ್ ಕಂಡ ತಕ್ಷಣ ಒಬ್ಬ ಅದರ ಬಣ್ಣ ಕೂಗಬೇಕು, ಇನ್ನೊಬ್ಬ ತಿರುಗಿ ಕೂಗಬೇಕು. ಅದು ನಿಯಮ. ನಾನು ಕೂಗಿದ್ದು ಅವರಿಗೆ ಕೇಳಿಸಿದರೂ, ‘ಇನ್ನೊಮ್ಮೆ ಹೇಳು. ನನಗೆ ಹೇಳಬೇಡ, ಹಿಂದೆ ಮಲಗಿದವರಿಗೆ ಹೇಳು’ ಎನ್ನುತ್ತಿದ್ದರು. ನಾನು ಅವರನ್ನು ಆಶಾನ್ ಎಂದೇ ಕರೆಯುತ್ತಿದ್ದೆ. ಕೆಲಸ ಕಲಿಸಿದ ಗುರುವಿಗೆ ಅಲ್ಲಿ ಹಾಗೆನ್ನುತ್ತಾರೆ. ಏಲೂರಿನವರು, ಕ್ರೈಸ್ತರು. ಹೆಂಡತಿ ಅಲ್ಲೇ ಒಂದು ಶಾಲೆಯಲ್ಲಿ ಟೀಚರ್. ತಡವಾಗಿ ಹುಟ್ಟಿದ ಒಬ್ಬಳೇ ಮಗಳು. ನಮ್ಮಿಬ್ಬರ ಮಾತು ಯಾವಾಗಲೂ ಮಲಯಾಳದಲ್ಲೇ. ನೆನಪಿದ್ದಷ್ಟನ್ನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ನಾನು ಕುರ್ಚಿಗೆ ಬಂದ ಎರಡನೇ ವರ್ಷ ತಿರುವನಂತಪುರದ ನಮ್ಮ ವಿಭಾಗೀಯ ಕಚೇರಿಗೆ ಒಬ್ಬ ಹೊಸ ಅಧಿಕಾರಿ ಬಂದ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಮಾತಿನಲ್ಲಿ ನಯ. ಯಾರನ್ನೂ ಏಕವಚನದಲ್ಲಿ ಕರೆದವನಲ್ಲ. ನಾನು ಇವತ್ತಿಗೂ ಅವನನ್ನು ಬಹುವಚನದಲ್ಲಿ ಬರೆಯಲಾರೆ. ಆಗ ಒಂದು ಹೊಸ ದಿನವಹಿ ರೈಲು ಶುರುವಾಗಿತ್ತು. ಪಟ್ಟಿಗೆ ಒಂದು ಸಾಲು ಸೇರಬೇಕಿತ್ತು. ನನ್ನನ್ನು ಕರೆಸಿ ತಾನೇ ಬರೆದ ಹಾಳೆಯನ್ನು ಮುಂದಿಟ್ಟ. ಇಪ್ಪತ್ತೊಂದು ಸಾಲು. ಏಳನೆಯದು, ಹದಿನಾಲ್ಕನೆಯದು, ಇಪ್ಪತ್ತೊಂದನೆಯದು ವಿಶ್ರಾಂತಿ.

‘ನೋಡಿ, ಆರು ದಿನ ಕೆಲಸ, ಏಳನೇ ದಿನ ವಿಶ್ರಾಂತಿ. ಎಷ್ಟು ಚೊಕ್ಕಟ’ ಎಂದ.

ಹಾಳೆ ನೋಡುತ್ತಿದ್ದಂತೆಯೇ ನನಗೆ ಗೊತ್ತಾಯಿತು. ‘ಸಾರ್, ಇಪ್ಪತ್ತೊಂದು ಏಳರಿಂದ ಭಾಗವಾಗುತ್ತದೆ’ ಎಂದೆ.

‘ಅದೇ ಅದರ ಸೊಗಸು.’

‘ಹಾಗಾದರೆ ಸೋಮವಾರ ವಿಶ್ರಾಂತಿ ಬಂದವನಿಗೆ ಯಾವಾಗಲೂ ಸೋಮವಾರವೇ ಬರುತ್ತದೆ. ಮೂರು ಜನರಿಗೆ ಪ್ರತಿ ಭಾನುವಾರ ಮನೆ. ಉಳಿದ ಹದಿನೆಂಟು ಜನರಿಗೆ ಭಾನುವಾರ ಎನ್ನುವುದು ಇನ್ನು ಮೇಲೆ ಇಲ್ಲವೇ ಇಲ್ಲ.’

ಅವನು ನಕ್ಕ. ‘ರೈಲಿಗೆ ಭಾನುವಾರ ಯಾವುದು ಅಂತ ಗೊತ್ತೇ? ಭಾನುವಾರವೂ ವಾರದ ಒಂದು ದಿನ, ಅಷ್ಟೆ. ಅದನ್ನು ಮಾಮೂಲಿ ಕೆಲಸದ ವಾರದೊಳಗೆ ಸೇರಿಸಿಬಿಡಿ. ಅದಕ್ಕೊಂದು ವಿಶೇಷ ಸ್ಥಾನ ಕೊಟ್ಟಿದ್ದರಿಂದಲೇ ಈ ರಜೆ ಅರ್ಜಿಗಳ ಕಾಟ.’

ನಾನು ಎರಡು ದಾರಿ ಹೇಳಿದೆ. ಮೂರು ತಿಂಗಳಿಗೊಮ್ಮೆ ಎಲ್ಲರ ಸಾಲು ಬದಲಿಸೋಣ ಎಂದೆ. ಬದಲಿಸುವ ವಾರ ಗೊಂದಲವಾಗುತ್ತದೆ, ಬೇಡ ಎಂದ. ಹಾಗಾದರೆ ಒಬ್ಬ ಡ್ರೈವರನ್ನು ಹೆಚ್ಚಿಗೆ ಕೊಡಿ, ಇಪ್ಪತ್ತೆರಡು ಸಾಲು ಮಾಡುತ್ತೇನೆ, ವಿಶ್ರಾಂತಿ ಮೊದಲಿನ ಹಾಗೆ ಸರಿಯುತ್ತ ಹೋಗುತ್ತದೆ ಎಂದೆ. ‘ಭಾನುವಾರಕ್ಕಾಗಿ ಒಂದು ಹುದ್ದೆ ಕೇಳಲೇ ನಾನು? ಮೇಲಿನವರು ನಗುತ್ತಾರೆ’ ಎಂದು ಹಾಳೆಯನ್ನು ನನ್ನ ಕಡೆ ತಳ್ಳಿದ.

ಹಾಳೆ ತೆಗೆದುಕೊಂಡು ಬಂದೆ. ಮೆಟ್ಟಿಲಿಳಿಯುವಾಗ ಇದನ್ನು ಬರೆಯುವುದಿಲ್ಲ ಎಂದು ಹೇಳಬೇಕಿತ್ತು ಅನಿಸಿತು. ಮೆಟ್ಟಿಲಿಳಿಯುವಾಗ ಅನಿಸುವುದರಿಂದ ಯಾರಿಗೂ ಪ್ರಯೋಜನವಿಲ್ಲ.

ಯಾರಿಗೆ ಯಾವ ಸಾಲು ಎಂದು ನಾನೇ ಬರೆದರೆ ಹದಿನೆಂಟು ಜನರ ಶಾಪ ನನಗೆ. ಅದಕ್ಕೆ ಚೀಟಿ ಎತ್ತಿಸಿದೆ. ಯಾರದೋ ಊಟದ ಡಬ್ಬಿಯಲ್ಲಿ ಇಪ್ಪತ್ತೊಂದು ಚೀಟಿ ಹಾಕಿ ಕುಲುಕಿದೆವು. ಕೆಲವರಿಗೆ ಆಗಿನ್ನೂ ವಿಷಯದ ಆಳ ತಿಳಿದಿರಲಿಲ್ಲ. ವಾರಕ್ಕೊಂದು ಖಾತ್ರಿ ವಿಶ್ರಾಂತಿ ಎಂದು ಖುಷಿಯಲ್ಲೇ ಇದ್ದರು. ಆಶಾನರಿಗೆ ತಿಳಿದಿತ್ತು. ಅವರಿಗೆ ಮಂಗಳವಾರದ ಸಾಲು ಬಂತು. ಚೀಟಿ ಮಡಚಿ ಜೇಬಿಗೆ ಹಾಕಿ, ‘ಮಂಗಳವಾರ ಸಂತ ಅಂತೋನೀಸರ ದಿನ. ಕಲೂರಿನ ಇಗರ್ಜಿಗೆ ಹೋಗಿ ಕೂರುತ್ತೇನೆ, ಅಲ್ಲೂ ಜನ ಇರುತ್ತಾರೆ’ ಎಂದರು. ಆಮೇಲೆ ನನ್ನ ಹತ್ತಿರ ಬಂದು, ‘ಎಡೋ, ಇದು ನಾನು ರಿಟೈರ್ ಆಗುವ ತನಕವೇ?’ ಎಂದು ಮೆಲ್ಲಗೆ ಕೇಳಿದರು. ಅಧಿಕಾರಿ ಬದಲಾಗುವ ತನಕ ಎಂದೆ. ‘ಯಾವುದು ಮೊದಲು ಬರುತ್ತದೋ’ ಎಂದರು.

ಆರು ತಿಂಗಳಲ್ಲಿ ಎಲ್ಲರಿಗೂ ತಿಳಿಯಿತು. ಮಕ್ಕಳ ಶಾಲೆಗೆ ರಜೆಯಿರುವ ದಿನ ಅಪ್ಪ ಎಂಜಿನಿನಲ್ಲಿ. ಅಪ್ಪನಿಗೆ ರಜೆಯಿರುವ ದಿನ ಮನೆಯಲ್ಲಿ ಯಾರೂ ಇಲ್ಲ. ಬುಧವಾರದ ಸಾಲಿನ ಒಬ್ಬ, ‘ಮನೆಗೆ ಹೋದರೆ ನೆರೆಮನೆಯ ನಾಯಿ ಕೂಡ ನನ್ನನ್ನು ಕಂಡು ಬೊಗಳುತ್ತದೆ’ ಎಂದ. ನಗಿಸಲಿಕ್ಕೆ ಹೇಳಿದ್ದಲ್ಲ. ತಮ್ಮತಮ್ಮಲ್ಲೇ ದಿನ ಬದಲಿಸಿಕೊಳ್ಳಲು ಶುರುಮಾಡಿದರು. ಒಬ್ಬನ ಭಾನುವಾರ ಇನ್ನೊಬ್ಬನ ಮದುವೆ ಮನೆಗೆ. ಎರಡು ತಿಂಗಳು ಅದು ನಡೆಯಿತು. ಅಧಿಕಾರಿಗೆ ಗೊತ್ತಾಗಿ, ಪರಸ್ಪರ ಬದಲಾವಣೆ ನಿಷೇಧ ಎಂಬ ಆದೇಶ ಬಂತು. ಆ ಆದೇಶವನ್ನು ನೋಟೀಸು ಬೋರ್ಡಿಗೆ ಅಂಟಿಸಿದವನೂ ನಾನೇ.

ಮನೆಯಲ್ಲಿ ಇದನ್ನೆಲ್ಲ ಹೇಳಿಕೊಂಡೆ. ಹೆಂಡತಿ ಕುಂಬಳೆ ಕಡೆಯವಳು, ಮಾತು ನೇರ. ತೆಂಗಿನಕಾಯಿ ತುರಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. ‘ನಿಮ್ಗೆ ಭಾನುವಾರ ರಜೆ ಉಂಟು. ಅವ್ರಿಗೆ ಇಲ್ಲ ಅಂತ ಬರೀಲಿಕ್ಕೂ ನೀವೇ. ಮತ್ತೆ ಮನೆಗೆ ಬಂದು ಬೇಜಾರು ಮಾಡುದೂ ನೀವೇ. ಎಂತ ಹೇಳ್ಬೇಕು ನಾನು?’ ಎಂದಳು.

ಮಾರನೆಯ ವರ್ಷ ಜನವರಿಯಲ್ಲಿ ಆಶಾನ್ ಒಂದು ಅರ್ಜಿ ತಂದುಕೊಟ್ಟರು. ಮಗಳ ಮೊದಲ ಪರಮಪ್ರಸಾದ ಈಸ್ಟರ್ ಕಳೆದ ಮೇಲೆ ಒಂದು ಭಾನುವಾರ ಇತ್ತು. ಅವರಲ್ಲಿ ಮಕ್ಕಳು ಮೊದಲ ಸಲ ಪ್ರಸಾದ ಸ್ವೀಕರಿಸುವ ಆ ದಿನ ನಮ್ಮಲ್ಲಿನ ಉಪನಯನದಷ್ಟೇ ದೊಡ್ಡದು. ಇಗರ್ಜಿಯವರು ಊರಿನ ಎಲ್ಲ ಮಕ್ಕಳಿಗೂ ಸೇರಿಸಿ ಒಂದು ದಿನ ಗೊತ್ತುಮಾಡುತ್ತಾರೆ. ಒಬ್ಬ ಅಪ್ಪನ ವಿಶ್ರಾಂತಿ ನೋಡಿ ಮಂಗಳವಾರಕ್ಕೆ ಹಾಕುವುದಿಲ್ಲ. ಒಂದು ದಿನದ ರಜೆ ಬೇಕಿತ್ತು. ಮೂರು ತಿಂಗಳು ಮೊದಲೇ ಕೇಳಿದ್ದಾರೆ. ನಾನು ಅರ್ಜಿಯನ್ನು ಪುಸ್ತಕದಲ್ಲಿ ದಾಖಲಿಸಿದೆ, ಆ ದಿನದ ಅವರ ರೈಲಿಗೆ ಬದಲಿ ಆಳನ್ನೂ ಗುರುತು ಹಾಕಿಟ್ಟೆ.

‘ಗಟ್ಟಿಯೇ?’ ಎಂದು ಕೇಳಿದರು.

‘ಗಟ್ಟಿ ಆಶಾನೇ. ಕಾರ್ಡು ಅಚ್ಚು ಹಾಕಿಸಿ’ ಎಂದೆ.

ರಜೆ ಮಂಜೂರು ಮಾಡುವ ಅಧಿಕಾರ ನನಗಿರಲಿಲ್ಲ. ಅದು ಅಧಿಕಾರಿಯದು. ಆದರೆ ನಾನು ದಾಖಲಿಸಿದ್ದಕ್ಕೆ ಅವನು ಸಹಿ ಹಾಕುವುದು ರೂಢಿ. ಆ ಧೈರ್ಯದಲ್ಲಿ ಹೇಳಿದೆ.

ಆ ಭಾನುವಾರದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ತಿರುವನಂತಪುರದಿಂದ ಸಂದೇಶ ಬಂತು. ಬೇಸಿಗೆ ರಜೆಯ ನೂಕುನುಗ್ಗಲಿಗೆ ವಿಶೇಷ ರೈಲುಗಳು ಓಡುತ್ತವೆ, ಭಾನುವಾರದ ಎಲ್ಲ ರಜೆ ರದ್ದು. ಆಶಾನರ ಅರ್ಜಿಗೆ ಅಲ್ಲಿಯ ತನಕ ಸಹಿಯೇ ಬಿದ್ದಿರಲಿಲ್ಲ. ನಾನು ಗುರುತು ಹಾಕಿಟ್ಟಿದ್ದ ಬದಲಿ ಆಳನ್ನೂ ಒಂದು ವಿಶೇಷ ರೈಲಿಗೆ ಎಳೆದಿದ್ದರು. ಅಧಿಕಾರಿಯ ಕಚೇರಿಗೆ ಫೋನ್ ಮಾಡಿದೆ. ಅವನ ಸಹಾಯಕ ಎತ್ತಿದ.

‘ಸಾರ್ ಊರಿಗೆ ಹೊರಟರು. ಸೋಮವಾರ ಸಿಗುತ್ತಾರೆ.’

‘ಮನೆಯ ನಂಬರ್ ಕೊಡಿ. ಒಂದು ನಿಮಿಷದ ಮಾತು.’

‘ಭಾನುವಾರ ಯಾರೂ ತೊಂದರೆ ಕೊಡಬಾರದು ಎಂದು ಹೇಳಿದ್ದಾರೆ.’

ನಾನು ಫೋನ್ ಇಟ್ಟೆ. ಈ ಮಾತನ್ನು ಎಷ್ಟೋ ಜನರಿಗೆ ಹೇಳಿದ್ದೇನೆ, ಹೇಳಿದಾಗಲೆಲ್ಲ ಕಿವಿ ಬಿಸಿಯಾಗುತ್ತದೆ. ಆದರೆ ಆಮೇಲೆ ನಾನು ಮಾಡಿದ್ದನ್ನು ಅಷ್ಟು ಜನರಿಗೆ ಹೇಳಿಲ್ಲ. ಆಶಾನರಿಗೆ ಆಗಲೇ ಫೋನ್ ಮಾಡಬೇಕಿತ್ತು. ಅವರ ಮನೆಯ ನಂಬರು ನನಗೆ ಬಾಯಿಪಾಠ. ಮಾಡಲಿಲ್ಲ. ಡ್ರೈವರುಗಳನ್ನು ಡ್ಯೂಟಿಗೆ ಕರೆಸಲು ಪಾಳಿಯಲ್ಲಿ ಕೂತಿದ್ದ ಕಂಟ್ರೋಲರನಿಗೆ, ‘ಅವರೊಬ್ಬರನ್ನು ಬಿಡು, ಬೇರೆ ಯಾರನ್ನಾದರೂ ಹುಡುಕು’ ಎಂದು ಹೇಳಿದೆ. ಅವನು ಹೂಂ ಎಂದ. ಅದು ಹೂಂ ಅಲ್ಲ ಎಂದು ನನಗೂ ಗೊತ್ತಿತ್ತು. ಛತ್ರಿ ತೆಗೆದುಕೊಂಡು ಮನೆಗೆ ಹೋದೆ.

ಭಾನುವಾರ ಬೆಳಿಗ್ಗೆ ನಾನೂ ಹೆಂಡತಿಯೂ ಏಲೂರಿನ ಇಗರ್ಜಿಗೆ ಹೋದೆವು. ಅಂಗಳದಲ್ಲಿ ಬಿಳಿ ಬಟ್ಟೆಯ ಮಕ್ಕಳ ಸಾಲು, ಕೈಯಲ್ಲಿ ಮೇಣದ ಬತ್ತಿ. ಹೆಣ್ಣುಮಕ್ಕಳ ತಲೆಗೆ ಬಿಳಿ ಹೂವಿನ ಕಿರೀಟ. ಫ್ಯಾಕ್ಟರಿಗಳ ಕಡೆಯಿಂದ ಎಂದಿನ ಅಮೋನಿಯಾ ವಾಸನೆ. ಜರಿಯಂಚಿನ ಮುಂಡು ಉಟ್ಟುಕೊಂಡು ಆಶಾನ್ ಮಗಳ ಹಿಂದೆಯೇ ನಿಂತಿದ್ದರು. ಅವರನ್ನು ಕಂಡದ್ದೇ ನನ್ನ ಉಸಿರು ಸಡಿಲವಾಯಿತು. ಕಂಟ್ರೋಲರ್ ಬೇರೆ ಯಾರನ್ನೋ ಹುಡುಕಿದ ಅಂದುಕೊಂಡೆ.

ಪೂಜೆ ಮುಗಿದು ಅವರ ಮನೆಯಂಗಳದ ಪೆಂಡಾಲಿನಲ್ಲಿ ಊಟ. ನಮಗೆಂದೇ ಬೇರೆ ಮಾಡಿಸಿದ್ದ ತರಕಾರಿ ಸ್ಟ್ಯೂವನ್ನು ಆಶಾನರೇ ಬಡಿಸಿದರು. ಬಡಿಸುತ್ತ ಬಗ್ಗಿ, ‘ಏಳು ಗಂಟೆಗೆ ಕಂಟ್ರೋಲಿನಿಂದ ಫೋನ್ ಬಂದಿತ್ತು’ ಎಂದರು.

‘ಏನಂದಿರಿ?’

‘ನನಗೆ ರಜೆಯಿದೆ ಎಂದೆ. ರದ್ದಾಗಿದೆ ಎಂದ. ಪಟ್ಟಿ ಬರೆಯುವವನೇ ನನ್ನ ಮನೆಗೆ ಊಟಕ್ಕೆ ಬರುತ್ತಿದ್ದಾನೆ, ರದ್ದಾಗಿದ್ದರೆ ಅವನು ನಿನ್ನೆಯೇ ಹೇಳುತ್ತಿದ್ದ ಎಂದೆ.’

ಕೈಯಲ್ಲಿದ್ದ ತುತ್ತನ್ನು ಎಲೆಯ ಮೇಲೆ ಇಟ್ಟೆ. ಅವರು ನನ್ನ ಮುಖ ನೋಡಿದರು. ಮುಂದಿನ ಎಲೆಗೆ ಹೋದರು.

ಅವರು ಓಡಿಸಬೇಕಿದ್ದ ರೈಲು ಒಂದು ಗಂಟೆ ತಡವಾಗಿ ಹೊರಟಿತ್ತು. ಭಾನುವಾರದ ಸಾಲು ಬಂದಿದ್ದ ಮೂವರು ಅದೃಷ್ಟವಂತರಲ್ಲಿ ಒಬ್ಬನನ್ನು ಮನೆಯಿಂದ ಎಬ್ಬಿಸಿ ತಂದಿದ್ದರು. ಅವನ ಭಾನುವಾರವೂ ಹೋಯಿತು. ಸೋಮವಾರ ಆಶಾನರಿಗೆ ಆರೋಪಪತ್ರ ಬಂತು. ಮಂಜೂರಾಗದ ರಜೆಯ ಮೇಲೆ ಗೈರುಹಾಜರು, ಕರೆ ನಿರಾಕರಣೆ, ರೈಲು ವಿಳಂಬ. ನನಗೂ ಒಂದು ಕಾಗದ ಬಂತು. ವಿಚಾರಣೆಯಲ್ಲಿ ಸಾಕ್ಷಿ ಹೇಳಬೇಕು.

ಅಧಿಕಾರಿ ಫೋನಿನಲ್ಲಿ ಎಂದಿನಂತೆ ನಯವಾಗಿಯೇ ಮಾತಾಡಿದ. ‘ನೀವು ಅರ್ಜಿಯನ್ನು ದಾಖಲಿಸಿದ್ದೀರಿ, ಅಷ್ಟೆ. ಮಂಜೂರಾಗಿದೆ ಎಂದು ಹೇಳಿರಲಾರಿರಿ. ಹೇಳಿದ್ದರೆ ಅದು ಅಧಿಕಾರ ಮೀರಿದ ಹಾಗೆ. ಕಣ್ಣಿನ ಕಾರಣಕ್ಕೆ ಕುರ್ಚಿ ಸಿಕ್ಕವರು ನೀವು, ಅದನ್ನು ಯೋಚಿಸಿ’ ಎಂದ.

ವಿಚಾರಣೆ ತಿರುವನಂತಪುರದಲ್ಲಿ. ಹಿಂದಿನ ದಿನವೇ ಹೋಗಿ ಅಲ್ಲೇ ಉಳ್ಳೂರಿನಲ್ಲಿ ಹೆಂಡತಿಯ ಅಣ್ಣನ ಮನೆಯಲ್ಲಿ ಉಳಿದೆ. ಅವನು ಸರಕಾರದ ಕಾನೂನು ವಿಭಾಗದಲ್ಲಿದ್ದವನು. ಕಾಸರಗೋಡಿನಲ್ಲಿ ಕೆಲವು ವರ್ಷ ವಕೀಲಿಯನ್ನೂ ಮಾಡಿದ್ದ. ಎಲ್ಲ ಕೇಳಿಸಿಕೊಂಡು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ, ‘ಹೇಳಿದ್ದೆ ಅಂದ್ರೆ ನಿಮ್ಮ ತಲೆ ಹೋಗ್ತದೆ ಭಾವ. ಹೇಳ್ಲಿಲ್ಲ ಅಂದ್ರೆ ಸುಳ್ಳಾಗ್ತದೆ. ನೆನಪಿಲ್ಲ ಅಂತ ಹೇಳಿ. ನೆನಪಿಲ್ಲ ಅಂದವನನ್ನು ಯಾವ ಕೋರ್ಟೂ ಎಂತ ಮಾಡ್ಲಿಕ್ಕೂ ಆಗುದಿಲ್ಲ’ ಎಂದ.

‘ಅವರು ನನಗೆ ಕೆಲಸ ಕಲಿಸಿದವರು.’

‘ಅವರ ಕೆಲಸ ಹೋಗ್ಲಿಕ್ಕಿಲ್ಲ. ಸಣ್ಣ ಶಿಕ್ಷೆ ಎಂತದೋ ಆಗ್ತದೆ. ನಿಮ್ಮದು ಹಾಗಲ್ಲ.’

ಅವನು ನನ್ನ ಒಳ್ಳೆಯದಕ್ಕೇ ಹೇಳಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಮಾತು ಕೇಳಿದ ತಕ್ಷಣ ನನಗೆ ಸಮಾಧಾನವಾಯಿತಲ್ಲ, ಅದರ ಮೇಲೆ ಸಿಟ್ಟು.

ಮಾರನೆಯ ದಿನ ಎರಡನೇ ಮಹಡಿಯ ಒಂದು ಕೋಣೆ. ವಿಚಾರಣೆ ಮಾಡುವವರು ಬೇರೆ ವಿಭಾಗದ ಒಬ್ಬ ವಯಸ್ಸಾದ ಅಧಿಕಾರಿ. ಪಕ್ಕದಲ್ಲಿ ಟೈಪಿಸ್ಟ್. ಎದುರಿಗೆ ಆಶಾನ್, ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ. ತಮ್ಮ ಸರದಿಯಲ್ಲಿ ಅವರು, ಮೂರು ತಿಂಗಳು ಮೊದಲು ಅರ್ಜಿ ಕೊಟ್ಟೆ, ರಜೆ ಗಟ್ಟಿ ಎಂದು ಕಚೇರಿಯಲ್ಲಿ ಹೇಳಿದರು, ಅದಕ್ಕೆ ಬರಲಿಲ್ಲ ಎಂದಷ್ಟೇ ಹೇಳಿದರು. ಹೇಳಿದವನ ಹೆಸರು ತಾವಾಗಿ ಎತ್ತಲಿಲ್ಲ. ಪಟ್ಟಿ ಬರೆಯುವವನು ಒಬ್ಬನೇ ಆದ್ದರಿಂದ ಎತ್ತುವ ಅಗತ್ಯವೂ ಇರಲಿಲ್ಲ.

ಆ ವೃದ್ಧರು ನನ್ನ ಕಡೆ ತಿರುಗಿದರು. ‘ರಜೆ ಖಚಿತ ಎಂದು ನೀವು ಇವರಿಗೆ ಹೇಳಿದ್ದು ಹೌದೇ?’

‘ನೆನಪಿಲ್ಲ’ ಎಂದೆ.

‘ಹೇಳಿರಬಹುದೇ?’

‘ನೆನಪಿಲ್ಲ ಸಾರ್.’

ಟೈಪಿಸ್ಟ್ ಅದನ್ನು ಹೊಡೆದ. ಆಶಾನ್ ನನ್ನ ಕಡೆ ನೋಡಲಿಲ್ಲ. ಮೇಜಿನ ಮೇಲಿಟ್ಟಿದ್ದ ಎರಡೂ ಕೈಗಳನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ಸ್ಟೇಷನ್ನಿಗೆ ಬಂದಾಗ ಅವರು ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಒಬ್ಬರೇ ಕೂತಿದ್ದರು. ನಮ್ಮಿಬ್ಬರಿಗೂ ಅದೇ ರೈಲು. ತಪ್ಪಿಸಿಕೊಂಡು ಹೋಗೋಣವೆಂದರೆ ಅಷ್ಟರಲ್ಲಿ ನೋಡಿಬಿಟ್ಟಿದ್ದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಬೆಂಚಿನ ಮೇಲಿದ್ದ ತಮ್ಮ ಚೀಲವನ್ನು ತೆಗೆದು ಕೆಳಗಿಟ್ಟು ನನಗೆ ಜಾಗ ಮಾಡಿದರು. ನಾನು ಕೂತೆ. ಎರ್ಣಾಕುಳ ಬರುವ ತನಕ ಮೂರೂವರೆ ಗಂಟೆ ನಮ್ಮ ನಡುವೆ ಒಂದು ಮಾತೂ ಆಗಲಿಲ್ಲ.

ಶಿಕ್ಷೆ ಒಂದು ತಿಂಗಳಲ್ಲಿ ಬಂತು. ಎರಡು ವರ್ಷ ಪ್ಯಾಸೆಂಜರ್ ರೈಲಿನಿಂದ ಗೂಡ್ಸಿಗೆ. ಗೂಡ್ಸಿಗೆ ಪಟ್ಟಿಯೇ ಇಲ್ಲ. ವ್ಯಾಗನ್ ತುಂಬಿದಾಗ ಕರೆ, ಹೊರಟಾಗ ಹೊರಟಿತು, ಬೇರೆ ರೈಲಿಗೆ ದಾರಿ ಬಿಡಲು ಪಕ್ಕದ ಲೂಪ್ ಹಳಿಯಲ್ಲಿ ನಿಲ್ಲಿಸಿದರೆ ಐದಾರು ತಾಸು ಅಲ್ಲೇ. ಅವರ ಮಂಗಳವಾರವೂ ಹೋಯಿತು. ಐವತ್ತೈದು ದಾಟಿದ ಮನುಷ್ಯ, ಇಡೀ ಸೇವೆಯಲ್ಲಿ ಒಂದು ಕೆಂಪು ಸಿಗ್ನಲನ್ನೂ ದಾಟಿದವರಲ್ಲ.

ಆ ಆದೇಶದ ಪ್ರತಿಯನ್ನು ಫೈಲಿಗೆ ಹಾಕಬೇಕಾದವನು ನಾನು. ಹಾಕಿದೆ. ಆ ದಿನ ಮನೆಗೆ ಹೋಗಿ ಊಟ ಮಾಡಲಿಲ್ಲ. ಹೆಂಡತಿ ವಿಷಯ ಕೇಳಿದಳು, ಹೇಳಿದೆ. ಅಣ್ಣ ಕೊಟ್ಟ ಸಲಹೆಯನ್ನು ಅವಳಿಗೆ ಅಲ್ಲಿಯವರೆಗೆ ಹೇಳಿರಲಿಲ್ಲ. ಬಡಿಸಿದ್ದ ತಟ್ಟೆಯನ್ನು ಮುಚ್ಚಿಟ್ಟು, ‘ಈಗ ನೆನಪಾಯ್ತು ಅಂತ ಬರೀಲಿಕ್ಕೆ ಆಗುದಿಲ್ವಾ?’ ಎಂದಳು.

ಬರೆದೆ. ಮೂರು ಸಲ ಬರೆದು ಹರಿದು ನಾಲ್ಕನೆಯ ಸಲ ಕಳಿಸಿದೆ. ರಜೆ ಖಚಿತ ಎಂದು ನಾನೇ ಹೇಳಿದ್ದು, ರದ್ದಾದದ್ದನ್ನು ಶನಿವಾರ ಅವರಿಗೆ ತಿಳಿಸದೆ ಹೋದದ್ದೂ ನಾನೇ, ವಿಚಾರಣೆಯಲ್ಲಿ ಹೆದರಿ ನೆನಪಿಲ್ಲ ಎಂದೆ, ತಪ್ಪು ನನ್ನದು. ಎರಡು ಸಾಲಿನ ಉತ್ತರ ಬಂತು. ವಿಚಾರಣೆ ಮುಗಿದಿದೆ, ಮತ್ತೆ ತೆರೆಯಲು ಕಾರಣವಿಲ್ಲ. ಅದರ ಹಿಂದೆಯೇ ಅಧಿಕಾರ ಮೀರಿ ವರ್ತಿಸಿದ್ದಕ್ಕೆ ನನಗೆ ಒಂದು ಎಚ್ಚರಿಕೆ ಪತ್ರ. ಅಷ್ಟೇ. ಕುರ್ಚಿ ಹೋಗಲಿಲ್ಲ. ಯಾವುದಕ್ಕೆ ಹೆದರಿ ನಾನು ಮರೆತವನಂತೆ ನಟಿಸಿದೆನೋ ಅದು ಆಗಲೇ ಇಲ್ಲ. ಒಂದು ಕಾಗದದಲ್ಲಿ ಮುಗಿಯಿತು. ಆ ಕಾಗದ ಓದಿದ ಹೊತ್ತಿನಷ್ಟು ಸಿಟ್ಟು ನನಗೆ ಜೀವನದಲ್ಲಿ ಬೇರೆ ಯಾವಾಗಲೂ ಬಂದಿಲ್ಲ.

ಎರಡು ವರ್ಷದ ಮೇಲೆ ಆ ಅಧಿಕಾರಿ ಬಡ್ತಿ ಪಡೆದು ಬೇರೆ ಕಡೆಗೆ ಹೋದ. ಬೀಳ್ಕೊಡುಗೆಯಲ್ಲಿ, ಡ್ರೈವರುಗಳಿಗೆ ಕ್ರಮಬದ್ಧ ವಾರದ ವಿಶ್ರಾಂತಿ ಕೊಟ್ಟವರು ಎಂದು ಯಾರೋ ಹೊಗಳಿದರು. ನಾನು ಎದ್ದು ಹೊರಗೆ ಬಂದೆ. ಅವನ ಜಾಗಕ್ಕೆ ಬಂದದ್ದು ಒಬ್ಬ ಹೆಂಗಸು. ಮೊದಲ ಸಲ ಎರ್ಣಾಕುಳಕ್ಕೆ ಬಂದ ದಿನವೇ ನಾನು ಇಪ್ಪತ್ತೆರಡು ಸಾಲಿನ ಹಾಳೆಯನ್ನು ಅವರ ಮುಂದಿಟ್ಟು ಏಳರ ಲೆಕ್ಕ ಹೇಳಿದೆ. ಅವರು ಬೆರಳಿಟ್ಟು ಸಾಲು ಎಣಿಸಿದರು.

‘ಇದಕ್ಕೆ ಎಷ್ಟು ಜನ ಹೆಚ್ಚಿಗೆ ಬೇಕು?’

‘ಒಬ್ಬ, ಮೇಡಂ.’

‘ಒಬ್ಬನೇ?’

‘ಒಬ್ಬನೇ.’

‘ಹಾಗಾದರೆ ಇಷ್ಟು ದಿನ ಯಾಕೆ ಆಗಲಿಲ್ಲ?’

ನಾನು ಪೆನ್ನು ಮುಂದಿಟ್ಟೆ. ಹತ್ತು ನಿಮಿಷವೂ ಹಿಡಿಯಲಿಲ್ಲ, ಸಹಿ ಹಾಕಿದರು. ಹದಿನೆಂಟು ಜನರ ಮೂರು ವರ್ಷದ ಭಾನುವಾರಗಳು ಒಬ್ಬ ಆಳಿನ ಕೊರತೆಗೆ ಹೋಗಿದ್ದವು. ಆಳು ಸಿಗದೆ ಅಲ್ಲ, ಕೇಳಿದರೆ ಮೇಲಿನವರು ನಗುತ್ತಾರೆ ಎಂದು. ಒಬ್ಬರೂ ನಗಲಿಲ್ಲ.

ಆಶಾನರ ಶಿಕ್ಷೆಯ ಅವಧಿಯೂ ಅಷ್ಟರಲ್ಲಿ ಮುಗಿದಿತ್ತು. ನಿವೃತ್ತಿಗೆ ಎಂಟು ತಿಂಗಳಿರುವಾಗ ಪ್ಯಾಸೆಂಜರಿಗೆ ಮರಳಿದರು. ಕಚೇರಿಯಲ್ಲಿ ಎದುರಾದರೆ ಬೇಕಾದಷ್ಟು ಮಾತು, ಸಹಿ, ಹೊರಡುವುದು. ಮೊದಲಿನ ಸಲುಗೆಯಲ್ಲಿ ಎಡೋ ಎಂದು ಕರೆಯುತ್ತಿರಲಿಲ್ಲ, ಸಾರ್ ಎನ್ನುತ್ತಿದ್ದರು. ಹೊಸ ಪಟ್ಟಿಯಲ್ಲಿ ಅವರಿಗೆ ಮೊದಲ ಭಾನುವಾರ ಬಂದ ದಿನ ನಾನು ಏಲೂರಿಗೆ ಹೋದೆ. ಏನು ಹೇಳಬೇಕೆಂದು ಬಸ್ಸಿನಲ್ಲಿ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಬೆಳಿಗ್ಗೆ ಹನ್ನೊಂದು ಗಂಟೆಯ ಹೊತ್ತು. ಅವರ ಹೆಂಡತಿ ಬಾಗಿಲು ತೆರೆದರು.

‘ಆಶಾನ್ ಇದ್ದಾರೆಯೇ?’

‘ನಿದ್ದೆ ಮಾಡುತ್ತಿದ್ದಾರೆ. ಇಗರ್ಜಿಯಿಂದ ಬಂದು ಮಲಗಿದರು. ಎಬ್ಬಿಸುವುದಿಲ್ಲ.’

‘ಬೇಡ ಟೀಚರೇ, ಎಬ್ಬಿಸಬೇಡಿ.’

ಅವರು ಬಾಗಿಲಲ್ಲೇ ನಿಂತಿದ್ದರು. ಒಳಗೆ ಬನ್ನಿ ಎನ್ನಲಿಲ್ಲ. ಒಳಗಿನಿಂದ ಮಗಳು ಏನೋ ಗಟ್ಟಿಯಾಗಿ ಓದುವುದು ಕೇಳಿಸುತ್ತಿತ್ತು. ಟೀಚರ್ ತಿರುಗಿ, ಮೆಲ್ಲಗೆ ಓದು ಎಂದು ಗದರಿಸಿದರು. ಆಮೇಲೆ ನನ್ನನ್ನು ನೋಡಿ, ‘ಆ ದಿನ ನಿಮಗೆ ನೆನಪಿರಲಿಲ್ಲವಂತೆ’ ಎಂದರು.

‘ನೆನಪಿತ್ತು’ ಎಂದೆ.

‘ಗೊತ್ತು. ಹೇಳಲೇ ಇಲ್ಲ ಎಂದು ನೀವು ನೇರ ಸುಳ್ಳು ಹೇಳಿದ್ದರೆ ಅವರು ಜಗಳವಾಡಿ ಮರೆಯುತ್ತಿದ್ದರು. ಮೂರು ವರ್ಷ ಪಕ್ಕದಲ್ಲಿ ಕೂರಿಸಿ ಕಲಿಸಿದವನಿಗೆ ತಾನು ಹೇಳಿದ್ದೇ ನೆನಪಿಲ್ಲವಂತೆ ಎಂದರು, ಅಷ್ಟೇ ಅವರು ಮನೆಗೆ ಬಂದು ಹೇಳಿದ್ದು.’

ಕಾಗದ ಬರೆದದ್ದನ್ನು ಹೇಳೋಣವೆಂದು ಬಾಯಿ ತೆರೆದೆ. ಹೇಳಿದರೆ ಅದೂ ನನ್ನ ಪರವಾದ ಇನ್ನೊಂದು ಅರ್ಜಿಯಾಗುತ್ತಿತ್ತು. ಹೇಳಲಿಲ್ಲ.

‘ಎದ್ದ ಮೇಲೆ ಬಂದಿದ್ದೆ ಎಂದು ಹೇಳಿ.’

‘ಹೇಳುತ್ತೇನೆ’ ಎಂದರು. ಬಾಗಿಲು ಸದ್ದಾಗದಂತೆ ಮೆಲ್ಲಗೆ ಮುಚ್ಚಿದರು.

ಬಸ್ ನಿಲ್ದಾಣದಲ್ಲಿ ಮುಕ್ಕಾಲು ಗಂಟೆ ಕಾದೆ. ಭಾನುವಾರವಾದ್ದರಿಂದ ಬಸ್ಸು ಕಡಿಮೆ.